ಸಂಪಾದಕರ ಮಾತು: ಬಾಗ್ಮತಿಯ ದಡಕ್ಕೆ ಹೋದ ಭಟ್ಟರು

ಮಿಜಾರಿನ ನಮಗೆ ಮೂಡುಬಿದಿರೆ ಪಕ್ಕದ ಪೇಟೆ. 1430ರಲ್ಲಿ ಎದ್ದು ನಿಂತ ಸಾವಿರ ಕಂಬದ ಬಸದಿ ಹುಟ್ಟಿದಾಗಿನಿಂದ ಕಂಡದ್ದು. ಅಂತಸ್ತು ಅಂತಸ್ತಾಗಿ ಇಳಿಯುವ ಇಲ್ಲಿನ ಮಾಡುಗಳಿಗೆ ಸಮೀಪದ ಹೋಲಿಕೆ ದೂರದ ನೇಪಾಳದಲ್ಲಿದೆ ಎಂದು ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ ಹತ್ತೊಂಬತ್ತನೆಯ ಶತಮಾನದಲ್ಲೇ ಗುರುತಿಸಿದ್ದ. ಜಡಿಮಳೆಯೂ ಮರಗೆಲಸದ ಜಾಣ್ಮೆಯೂ ಎರಡೂ ಕಡೆ ಇವೆ. ಹೋಲಿಕೆ ಕಂಡಕೂಡಲೇ ಇಂಥವರು ಇಂಥವರಿಂದ ಕಲಿತರು ಎಂದು ತೀರ್ಪು ಕೊಡಬೇಕಾಗಿಲ್ಲ.

ಇದಕ್ಕಿಂತ ಗಟ್ಟಿಯಾದ ನಂಟು ಕಾಠ್ಮಂಡುವಿನಲ್ಲಿ ಬಾಗ್ಮತಿ ನದಿಯ ದಡದಲ್ಲಿರುವ ಪಶುಪತಿನಾಥನ ಗರ್ಭಗುಡಿಯಲ್ಲಿದೆ. ಅಲ್ಲಿ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ತಲೆಮಾರುಗಳಿಂದ ದಕ್ಷಿಣ ಭಾರತದ ಭಟ್ಟರದು. ಈಚಿನ ದಶಕಗಳಲ್ಲಿ ಹಾಗೆ ಹೋದವರಲ್ಲಿ ನಮ್ಮ ಕರಾವಳಿಯವರೇ ಹೆಚ್ಚು. ಅರಸ ತೀರಿಕೊಂಡರೆ ಪ್ರಜೆಗಳಿಗೆಲ್ಲ ಸೂತಕ. ದೇವರ ಪೂಜೆ ನಿಲ್ಲಬಾರದೆಂದು ಹೊರಗಿನವರನ್ನು ಕರೆಸಿದರು ಎಂಬುದು ಅಲ್ಲಿ ಹೇಳುವ ಕಾರಣ. ಉಗ್ರಾಣವನ್ನೂ ಪೂಜೆಯ ಸಿದ್ಧತೆಯನ್ನೂ ನೋಡಿಕೊಳ್ಳುವವರು ನೇಪಾಳದವರೇ ಆದ ಭಂಡಾರಿಗಳು. ಭಟ್ಟರಿಲ್ಲದೆ ಪೂಜೆಯಿಲ್ಲ, ಭಂಡಾರಿಗಳಿಲ್ಲದೆ ಭಟ್ಟರ ಕೈ ಸಾಗದು.

2008ರಲ್ಲಿ ಅರಸೊತ್ತಿಗೆ ಹೋಯಿತು. ಹೊಸ ಸರಕಾರ ಭಟ್ಟರ ಜಾಗಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಿದಾಗ ಅದನ್ನು ವಿರೋಧಿಸಿ ನಿಂತವರಲ್ಲಿ ಆ ಭಂಡಾರಿಗಳೂ ಇದ್ದರು. ನೇಪಾಳದ ಸುಪ್ರೀಂ ಕೋರ್ಟು ಆ ನೇಮಕವನ್ನು ತಡೆಯಿತು. 2009ರ ಜನವರಿಯಲ್ಲಿ ಸರಕಾರ ಹಿಂದೆ ಸರಿಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕರ್ನಾಟಕದಿಂದ ಹೋದ ಇಬ್ಬರು ಹೊಸ ಭಟ್ಟರ ಮೇಲೆ ಹಲ್ಲೆಯಾಯಿತು. ಆದರೂ ಪರಂಪರೆ ಮುರಿಯಲಿಲ್ಲ.

ಈ ಪ್ರಸಂಗದಲ್ಲಿ ನಮಗೊಂದು ಪಾಠವಿದೆ. ನಮ್ಮ ಭಟ್ಟರು ಅಲ್ಲಿರುವುದು ನೇಪಾಳದ ಕಾನೂನಿನಡಿ, ನೇಪಾಳದ ಜನ ಕರೆದದ್ದರಿಂದ. ನೆಂಟರ ಮನೆಯಲ್ಲಿ ಎಷ್ಟೇ ಸಲಿಗೆಯಿದ್ದರೂ ಯಜಮಾನಿಕೆ ಮನೆಯವರದೇ. ದೊಡ್ಡ ದೇಶ ಇದನ್ನು ಮರೆತಂತೆ ಕಂಡಾಗಲೆಲ್ಲ ಚಿಕ್ಕ ದೇಶ ಮುನಿದಿದೆ. 2015ರಲ್ಲಿ ಗಡಿಯಲ್ಲಿ ಸರಕು ನಿಂತು, ಭೂಕಂಪದಿಂದ ಆಗಲೇ ನೊಂದಿದ್ದ ಮನೆಗಳಲ್ಲಿ ಅಡುಗೆ ಅನಿಲಕ್ಕೂ ತತ್ವಾರವಾಯಿತು. ಅಲ್ಲಿನವರು ಭಾರತವನ್ನು ದೂರಿದರು, ದೆಹಲಿ ಅಲ್ಲಗಳೆಯಿತು. 2020ರಲ್ಲಿ ಗಡಿಯ ಲಿಪುಲೇಖಕ್ಕೆ ಭಾರತ ರಸ್ತೆ ತೆರೆದ ಬೆನ್ನಿಗೇ, ಆ ಜಾಗ ತನ್ನದೆಂದು ತೋರಿಸುವ ಹೊಸ ನಕ್ಷೆಯನ್ನು ನೇಪಾಳ ಹೊರಡಿಸಿತು.

ಇಂಥ ಹೊತ್ತಿನಲ್ಲಿ ಒಂದೇ ಧರ್ಮ, ಒಂದೇ ಸಂಸ್ಕೃತಿ ಎಂದು ಭಾಷಣ ಮಾಡುವುದರಿಂದ ಮುನಿಸು ತಣಿಯದು. 1950ರ ಮೈತ್ರಿ ಒಪ್ಪಂದ ಸಮಾನರ ನಡುವಿನದಲ್ಲ ಎಂಬುದು ನೇಪಾಳದಲ್ಲಿ ಹಳೆಯ ದೂರು. ಅದನ್ನು ಪರಿಶೀಲಿಸಲು 2016ರಲ್ಲಿ ಎರಡೂ ಸರಕಾರಗಳು ಕೂಡಿ ನೇಮಿಸಿದ ಗಣ್ಯರ ಸಮಿತಿ 2018ರಲ್ಲಿ ವರದಿ ಮುಗಿಸಿತು. ಆ ಬಳಿಕ ವರ್ಷಗಟ್ಟಲೆ ಅದನ್ನು ಕೈಗೆತ್ತಿಕೊಳ್ಳುವವರೇ ಇರಲಿಲ್ಲ. ವರದಿಯ ಪ್ರತಿ ಮಾತನ್ನೂ ಒಪ್ಪಬೇಕೆಂದಿಲ್ಲ. ಪಕ್ಕದಲ್ಲಿ ಕೂತು ಓದುವಷ್ಟು ಗೌರವ ನೆರೆಯವರಿಗೆ ಸಲ್ಲಬೇಕು.

ಕರಾವಳಿಯ ಓದುಗರಲ್ಲಿ ಒಂದು ವಿನಂತಿ. ಪಶುಪತಿನಾಥನ ಸೇವೆ ಮಾಡಿ ಮರಳಿದವರು ನಿಮ್ಮ ಕುಟುಂಬದಲ್ಲಿದ್ದರೆ ಅವರ ನೆನಪುಗಳನ್ನು ಬರೆದು ಕಳಿಸಿ. ನಮ್ಮ ಹೋಟೆಲು, ತೋಟ, ಕಟ್ಟಡಗಳಲ್ಲಿ ದುಡಿಯುವ ನೇಪಾಳಿ ತರುಣರನ್ನೂ ಮಾತಾಡಿಸಿ, ಅವರ ಊರಿನ ಕಥೆ ಕೇಳಿ. ಎರಡು ದೇಶಗಳ ಸಂಬಂಧವನ್ನು ರಾಯಭಾರಿಗಳಷ್ಟೇ ಈ ಜನರೂ ಹೊತ್ತಿದ್ದಾರೆ. ಅವರ ಮಾತಿಗೆ ಈ ಪತ್ರಿಕೆಯಲ್ಲಿ ಸದಾ ಜಾಗವಿದೆ.