ದಂಡೆತ್ತುವ ಹೊತ್ತು ಯಾವುದು?

ಪಾಳಿ ಹಿಡಿದು ಆಡುವ ಯುದ್ಧದಾಟಗಳಲ್ಲಿ ಪಳಗಿದವರು ಹೊಸಬರಿಗೆ ಹೇಳುವ ಮೊದಲ ಬುದ್ಧಿಮಾತು ಹೆಚ್ಚುಕಡಿಮೆ ಒಂದೇ. ಅವಸರ ಮಾಡಬೇಡ, ತಯಾರಿ ಮುಗಿಯಲಿ, ನಿನ್ನ ದಂಡು ಎದುರಾಳಿಯದರ ಎರಡು ಪಟ್ಟಾದ ಮೇಲೆ ಗಡಿ ದಾಟು. ಸಿಡ್ ಮೈಯರ್ 1991ರಲ್ಲಿ ಹೊರತಂದ ‘ಸಿವಿಲೈಸೇಷನ್’ ಆಟದಿಂದ ಇವತ್ತು ಮೊಬೈಲಿನಲ್ಲಿ ಓಡುವ ಆಟಗಳವರೆಗೆ ಈ ಮಾತಿಗೆ ಮನ್ನಣೆ ಇದೆ. ನಮ್ಮ ಭಾಗದ ಹಿರಿಯರು ಇದನ್ನೇ ಇತಿಹಾಸಕ್ಕೂ ಅನ್ವಯಿಸುವುದುಂಟು. 1858ರಲ್ಲಿ ಬ್ರಿಟಿಷರ ಮೇಲೆ ಬಂಡೆದ್ದ ನರಗುಂದದ ಸಂಸ್ಥಾನಿಕ ಬಾಬಾಸಾಹೇಬರು ಅವಸರ ಮಾಡಿ ಕೆಟ್ಟರು, ಇನ್ನಷ್ಟು ಕಾದಿದ್ದರೆ ಕಥೆ ಬೇರೆಯಾಗುತ್ತಿತ್ತು ಎನ್ನುತ್ತಾರೆ.

ಹೇಳುವವರ ಅನುಭವದ ಮೇಲೆ ನನಗೆ ಗೌರವವಿದೆ. ಆದರೆ ಆಟದ ಮಟ್ಟಿಗೂ ಇತಿಹಾಸದ ಮಟ್ಟಿಗೂ ಈ ಮಾತನ್ನು ಒಪ್ಪಲು ನನ್ನಿಂದಾಗಿಲ್ಲ.

ಮೊದಲು ಆಟವನ್ನೇ ನೋಡೋಣ. ಅದಕ್ಕೆ ಮೊಬೈಲ್ ಬೇಕಿಲ್ಲ, ಗುಡಿಯ ಕಟ್ಟೆಯ ಮೇಲೆ ಗೆರೆ ಕೊರೆದು ಆಡುತ್ತ ಬಂದ ಹುಲಿ-ಕುರಿ ಆಟವೇ ಸಾಕು. ಸಾಮಾನ್ಯವಾಗಿ 3 ಹುಲಿ, 15 ಕುರಿ. ಹುಲಿಗಳು ಮೊದಲೇ ಮನೆಯಲ್ಲಿ ಕೂತಿರುತ್ತವೆ. ಕುರಿಯವನು ಪಾಳಿಗೆ ಒಂದರಂತೆ ಕುರಿ ಇಳಿಸುತ್ತ ಹೋಗಬೇಕು. ಹದಿನೈದೂ ಇಳಿದು ಮುಗಿಯುವ ತನಕ ಒಂದು ಕುರಿಯನ್ನೂ ಸರಿಸುವಂತಿಲ್ಲ. ಈಗ ಹುಲಿಯ ಕಡೆ ಕೂತವನು ‘ಕಾದು ನೋಡೋಣ’ ಎಂದರೆ ಏನಾಗುತ್ತದೆ? ಪ್ರತಿ ಪಾಳಿಗೂ ಎದುರಿನ ಬಲ ಒಂದೊಂದು ಬೆಳೆಯುತ್ತದೆ, ತನ್ನದು ಮೂರಕ್ಕೇ ನಿಂತಿರುತ್ತದೆ. ಕುರಿಗಳು ಎರಡೆರಡಾಗಿ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಮೇಲೆ ಹಾರಲು ಖಾಲಿ ಮನೆಯೇ ಸಿಗುವುದಿಲ್ಲ. ಆಟ ಬಲ್ಲ ಹುಲಿ ಆಟದ ಆರಂಭದಲ್ಲೇ ಬೇಟೆಗಿಳಿಯುತ್ತದೆ. ಅದೇ ಕುರಿಯವನಿಗೆ ಕಾಯುವುದೇ ಲಾಭ. ಮಣೆ ಒಂದೇ, ಪಾಳಿ ಒಂದೇ, ಆದರೂ ಒಬ್ಬನಿಗೆ ವಿವೇಕವಾದದ್ದು ಇನ್ನೊಬ್ಬನಿಗೆ ಆತ್ಮಹತ್ಯೆ.

ಕಂಪ್ಯೂಟರಿನ ಆಟದಲ್ಲೂ ಲೆಕ್ಕ ಬೇರೆಯಲ್ಲ. ನಿಮ್ಮಲ್ಲಿ 10 ತುಕಡಿ ಇವೆ, ಎದುರಾಳಿಯಲ್ಲಿ 12. ನೀವು ಪಾಳಿಗೆ 2 ಕೂಡಿಸಿಕೊಳ್ಳುತ್ತೀರಿ, ಅವನು 3. ತಯಾರಿಗೆಂದು ಐದು ಪಾಳಿ ಕಾದರೆ ನಿಮ್ಮಲ್ಲಿ 20 ಆಗುತ್ತದೆ, ಕಣ್ಣಿಗೆ ತುಂಬ ಚೆನ್ನಾಗಿ ಕಾಣುತ್ತದೆ. ಅಷ್ಟರಲ್ಲಿ ಅವನದು 27 ಆಗಿರುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಲ್ಯಾಂಚೆಸ್ಟರ್ ಮೊದಲ ಮಹಾಯುದ್ಧದ ಕಾಲದಲ್ಲಿ ಒಂದು ಸೂತ್ರ ಕೊಟ್ಟ: ದೂರದಿಂದ ಗುಂಡು ಹಾರಿಸುವ ಯುದ್ಧದಲ್ಲಿ ದಂಡಿನ ಬಲವನ್ನು ಸಂಖ್ಯೆಯಿಂದಲ್ಲ, ಸಂಖ್ಯೆಯ ವರ್ಗದಿಂದ ಅಳೆಯಬೇಕು. ಹಾಗೆ ಅಳೆದರೆ ಎದುರಾಳಿ ಇವತ್ತು ನಿಮಗಿಂತ 1.44 ಪಟ್ಟು ಬಲಶಾಲಿ, ಐದು ಪಾಳಿ ಕಳೆದ ಮೇಲೆ 1.82 ಪಟ್ಟು. ಕಾದದ್ದರಿಂದ ನೀವು ಬೆಳೆದಿರಿ ನಿಜ, ಸೋಲು ಅದಕ್ಕಿಂತ ಬೇಗ ಬೆಳೆಯಿತು. ನನ್ನ ದಂಡು ಎಷ್ಟಾಯಿತು ಎಂದು ಕೇಳುವುದಕ್ಕಿಂತ ಮೊದಲು, ಕಳೆಯುವ ಪ್ರತಿ ಪಾಳಿ ಯಾರ ಕಡೆ ದುಡಿಯುತ್ತಿದೆ ಎಂದು ಕೇಳಬೇಕು.

ಈ ಆಟಗಳಲ್ಲಿ ಇನ್ನೊಂದು ಕೊರತೆಯಿದೆ. ಹೆಚ್ಚಿನವುಗಳಲ್ಲಿ ಪಾಳಿಗಳೆಲ್ಲ ಒಂದೇ ಅಳತೆಯವು. ಬೇಸಿಗೆಯ ಪಾಳಿಗೂ ಮಳೆಗಾಲದ ಪಾಳಿಗೂ ಭೇದವಿಲ್ಲ. ನಮ್ಮ ನರೇಗಲ್ಲಿನ ಸೀಮೆಯಲ್ಲಿ ಒಕ್ಕಲುತನ ಮಾಡಿದವರು ಇದನ್ನು ಒಪ್ಪಲಾರರು. ಇಲ್ಲಿಂದ ಈಶಾನ್ಯಕ್ಕೆ ಗಜೇಂದ್ರಗಡ, ವಾಯವ್ಯಕ್ಕೆ ನರಗುಂದ, ಆಗ್ನೇಯಕ್ಕೆ ಕೊಪ್ಪಳ. ಮೂರೂ ಕಡೆ ಗುಡ್ಡ ಮತ್ತು ಕೋಟೆ, ನಡುವೆ ಬಹುಪಾಲು ಎರೆ ನೆಲ. ಒಣಗಿದಾಗ ಈ ನೆಲ ಬಿರುಕು ಬಿಟ್ಟು ಕಲ್ಲಿನಷ್ಟು ಗಟ್ಟಿ. ಕುದುರೆ ಓಡಿಸಬಹುದು, ಗಾಡಿ ಹೊಡೆಯಬಹುದು. ಒಂದು ಜಡಿಮಳೆ ಬಿದ್ದರೆ ಕಾಲಿಗೆ ಮೆತ್ತಿದ ಮಣ್ಣು ಹೆಜ್ಜೆಹೆಜ್ಜೆಗೂ ದಪ್ಪವಾಗುತ್ತ ಹೋಗುತ್ತದೆ, ಗಾಡಿಯ ಗಾಲಿಯ ಅರಗಳ ನಡುವೆ ಕೆಸರು ತುಂಬಿ ಗಾಲಿ ಉರುಳುವುದರ ಬದಲು ಜಾರುತ್ತದೆ, ಎತ್ತು ಮೊಣಕಾಲೂರುತ್ತದೆ. ಹದ ಬರುವವರೆಗೆ ಯಾರೂ ಹೊಲಕ್ಕೆ ಇಳಿಯುವುದಿಲ್ಲ. ಇಂಥ ನೆಲದ ಮೇಲೆ ಕಬ್ಬಿಣದ ಫಿರಂಗಿ ಎಳೆಯುವುದೆಂದರೆ ಏನೆಂದು ಯಾರಾದರೂ ಊಹಿಸಬಹುದು.

ಇದೇ ನೆಲ 1785ರಿಂದ 1787ರವರೆಗೆ ಒಂದು ದೊಡ್ಡ ಯುದ್ಧ ಕಂಡಿತು. ನರಗುಂದದ ವೆಂಕಟರಾವ್ ಭಾವೆಯಿಂದ ಟಿಪ್ಪು ಸುಲ್ತಾನ ಹೆಚ್ಚಿನ ಕಪ್ಪ ಕೇಳಿದ. ಭಾವೆ ಪುಣೆಯ ಮರಾಠರ ಆಸರೆ ಬೇಡಿದ. 1785ರ ಆರಂಭದಲ್ಲಿ ಮೈಸೂರಿನ ದಂಡು ನರಗುಂದ ಕೋಟೆಗೆ ಮುತ್ತಿಗೆ ಹಾಕಿತು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತತ್ವಾರವಾಗಿ ಮುತ್ತಿಗೆ ಸಡಿಲಿಸಬೇಕಾಯಿತು. ದಂಡು ರಾಮದುರ್ಗದ ಕಡೆ ಹೊರಳಿ, ಅದನ್ನು ಹಿಡಿದು, ಮತ್ತೆ ಬಂದಿತು. ಜುಲೈ ಕೊನೆಗೆ ನರಗುಂದ ಶರಣಾಯಿತು. ಜೀವಕ್ಕೆ ಅಭಯ ಕೊಟ್ಟಿದ್ದರೂ ಭಾವೆಯನ್ನು ಹಿಡಿದು ಕಬ್ಬಾಳದುರ್ಗಕ್ಕೆ ಕಳಿಸಿದರು. ಅದು ಮಾತಿಗೆ ತಪ್ಪಿದ ಕೆಲಸ, ಅದರಲ್ಲಿ ನನಗೆ ಅನುಮಾನವಿಲ್ಲ.

ಪುಣೆಯ ನಾನಾ ಫಡ್ನವೀಸ್ ಮಾತ್ರ ಶಾಸ್ತ್ರಬದ್ಧವಾಗಿ ನಡೆದ. ಹೈದರಾಬಾದಿನ ನಿಜಾಮನನ್ನು ಜೊತೆಗೆ ಸೇರಿಸಿಕೊಂಡು, ದಂಡು ಕೂಡಿಸಿ, ತಯಾರಿ ಮುಗಿಸಿಯೇ ಹೊರಟ. 1786ರ ಮೇ ತಿಂಗಳಲ್ಲಿ ಮುತ್ತಿಗೆ ಹಾಕಿ ಮೂರು ವಾರದೊಳಗೆ ಬಾದಾಮಿಯನ್ನು ಗೆದ್ದರು, ಮುಂದೆ ಮರಾಠ ಸರದಾರ ಹರಿಪಂತ ಫಡ್ಕೆ ಗಜೇಂದ್ರಗಡವನ್ನು ತೆಗೆದುಕೊಂಡ. ಅಷ್ಟರಲ್ಲಿ ಮಳೆಗಾಲ. ದಸರೆಗೆ ಸೀಮೋಲ್ಲಂಘನ ಮಾಡಿ ದಂಡೆತ್ತಿ ಹೋಗುವುದು, ಮಳೆ ಹಿಡಿದರೆ ಡೇರೆ ಹಾಕುವುದು ಆ ಕಾಲದ ರೂಢಿ. ಟಿಪ್ಪು ಆಗ ತುಂಗಭದ್ರೆಯ ದಕ್ಷಿಣಕ್ಕೆ ಆದೋನಿಯನ್ನು ಹಿಡಿದು ಕೂತಿದ್ದ. ನದಿ ತುಂಬಿ ಹರಿಯುತ್ತಿತ್ತು. ಇನ್ನು ಆ ಕಡೆಯಿಂದ ಭಯವಿಲ್ಲ, ನದಿಯೇ ಕೋಟೆ ಎಂದು ಮರಾಠರು ನಂಬಿದ್ದರು.

ಟಿಪ್ಪುವಿನ ಸರದಾರರೂ ಅದನ್ನೇ ಹೇಳಿದರು. ಎದುರು ದಂಡೆಯ ಸೀಮೆಯಲ್ಲಿ ಶತ್ರುವಿನ ದೊಡ್ಡ ದಂಡು, ನಡುವೆ ಪ್ರವಾಹ. ದಾಟುವುದು ಬೇಡ ಎಂದರು. ಆತ ಕೇಳಲಿಲ್ಲ. ಆಗಸ್ಟಿನಲ್ಲಿ ಹರಿಗೋಲು, ತೆಪ್ಪಗಳ ಮೇಲೆ ದಂಡು, ಫಿರಂಗಿ ಎಲ್ಲವನ್ನೂ ಉತ್ತರ ದಂಡೆಗೆ ಸಾಗಿಸಿದ. ಬಲದ ಲೆಕ್ಕದಲ್ಲಿ ಆಗ ಆತನ ಕೈ ಮೇಲಿತ್ತೆಂದಲ್ಲ. ಮರಾಠ ಮತ್ತು ನಿಜಾಮ, ಎರಡು ರಾಜ್ಯಗಳ ದಂಡು ಎದುರಿಗಿತ್ತು. ಆದರೆ ಎದುರಾಳಿಯ ಪಂಚಾಂಗದಲ್ಲಿ ಆ ತಿಂಗಳು ಯುದ್ಧಕ್ಕೆ ಜಾಗವೇ ಇರಲಿಲ್ಲ. ಅಕ್ಟೋಬರಿನ ಹೊತ್ತಿಗೆ ರಾತ್ರಿ ದಾಳಿಗಳಿಂದ ಮರಾಠರನ್ನು ಹಣ್ಣುಗಾಯಿ ಮಾಡಿ ಸವಣೂರನ್ನು ಹಿಡಿದ. ತಯಾರಿ ಮುಗಿಸಿ ಬಂದವರು ಹಿಂದೆ ಸರಿದರು, ಬೇಡವೆಂದ ಹೊತ್ತಿನಲ್ಲಿ ಹೊರಟವನು ಮುಂದೆ ಬಂದ.

ಕಥೆ ಇಲ್ಲಿಗೇ ನಿಂತರೆ ನನ್ನ ವಾದಕ್ಕೆ ಅನುಕೂಲ. ಆದರೆ 1787ರಲ್ಲಿ ಆದ ಒಪ್ಪಂದವನ್ನು ಮುಚ್ಚಿಡಲಾಗದು. ಅದಕ್ಕೆ ಗಜೇಂದ್ರಗಡದ ಹೆಸರೇ ಇದೆ. ನರಗುಂದ, ಕಿತ್ತೂರು, ಬಾದಾಮಿ, ಗಜೇಂದ್ರಗಡ ಮರಾಠರಿಗೆ, ಆದೋನಿ ನಿಜಾಮನಿಗೆ, ಮೇಲೆ 48 ಲಕ್ಷ ರೂಪಾಯಿ ಕಪ್ಪ. ರಣದಲ್ಲಿ ಮೇಲುಗೈ ಪಡೆದವನು ಕಾಗದದ ಮೇಲೆ ಇಷ್ಟು ಕೊಟ್ಟ. ಹಾಗಾದರೆ ನದಿ ದಾಟಿದ್ದು ವ್ಯರ್ಥವೇ? ನಾನು ಹಾಗೆ ಓದುವುದಿಲ್ಲ. 1786ರ ಸೆಪ್ಟೆಂಬರಿನಲ್ಲಿ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದಿದ್ದ. ಮುಂದಿನ ಪಾಳಿಗಳು ಇಂಗ್ಲಿಷರ ಕಡೆ ದುಡಿಯುತ್ತವೆ ಎಂದು ಟಿಪ್ಪು ಲೆಕ್ಕ ಹಾಕಿ, ಮೇಲುಗೈ ಇದ್ದಾಗಲೇ ಜಗಳ ಹರಿದುಕೊಂಡ ಎಂದು ನನಗೆ ತೋರುತ್ತದೆ. ನುಗ್ಗುವುದಕ್ಕೂ ನಿಲ್ಲುವುದಕ್ಕೂ ಆತ ನೋಡಿದ್ದು ಒಂದೇ ಗಡಿಯಾರ.

ನರೇಗಲ್ಲಿನಲ್ಲೇ 12ನೇ ಶತಮಾನದ ಸಿಂದರ ಪೆರ್ಮಾಡಿಯ ಶಾಸನವೊಂದಿದೆ. ಹೊಯ್ಸಳ ಬಿಟ್ಟಿಗನನ್ನು ಘಟ್ಟದವರೆಗೆ ಅಟ್ಟಿಸಿಕೊಂಡು ಹೋಗಿ, ದೋರಸಮುದ್ರಕ್ಕೆ ಮುತ್ತಿಗೆ ಹಾಕಿ, ಬೇಲೂರನ್ನು ಹಿಡಿದನೆಂದು ಅದು ಕೊಂಡಾಡುತ್ತದೆ. ಎಷ್ಟು ಕಾದ, ಯಾಕೆ ಅದೇ ಹೊತ್ತಿಗೆ ಹೊರಟ ಎಂಬುದನ್ನು ಹೊಗಳಿಕೆಯ ಶಾಸನಗಳು ಹೇಳುವುದಿಲ್ಲ. ಗೆದ್ದವನ ಹೊತ್ತು ಸರಿಯಾದ ಹೊತ್ತು, ಸೋತವನದು ಅವಸರ ಎಂಬ ತೀರ್ಮಾನ ಹೀಗೆಯೇ ಹುಟ್ಟುತ್ತದೆ. ಬಾಬಾಸಾಹೇಬರಿಗೆ ಅನ್ಯಾಯವಾದದ್ದೂ ಹೀಗೆಯೇ.

ಅವರ ಪಾಳಿಗಳನ್ನು ಒಂದೊಂದಾಗಿ ಎಣಿಸಿ ನೋಡಿ. ಮಕ್ಕಳಿಲ್ಲದ ಅವರು ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದರು, ಬ್ರಿಟಿಷರು ನಿರಾಕರಿಸಿದರು. ಅಂದರೆ ಸಂಸ್ಥಾನ ಅವರ ಉಸಿರಿನೊಂದಿಗೇ ಮುಗಿಯುವುದು ನಿಶ್ಚಯ. 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ಬಂತು. ಅದನ್ನು ಧಿಕ್ಕರಿಸಿದ ಹಲಗಲಿಯ ಬೇಡರನ್ನು ನವೆಂಬರಿನಲ್ಲಿ ಊರಿಗೆ ಬೆಂಕಿಯಿಟ್ಟು ಮಣಿಸಿದರು. ಉತ್ತರದಲ್ಲಿ 1857ರ ಸೆಪ್ಟೆಂಬರಿಗೆ ದಿಲ್ಲಿ ಬಿತ್ತು, 1858ರ ಮಾರ್ಚಿನಲ್ಲಿ ಲಖನೌ, ಏಪ್ರಿಲಿನಲ್ಲಿ ಝಾನ್ಸಿ. ಒಂದೊಂದು ಕೋಟೆ ಬಿದ್ದಂತೆ ಬ್ರಿಟಿಷರ ಕೈ ಅಷ್ಟಷ್ಟು ಬಿಡುವಾಗುತ್ತಿತ್ತು. ಕಳೆದ ಪ್ರತಿ ತಿಂಗಳೂ ನರಗುಂದದಿಂದ ಕಿತ್ತುಕೊಂಡಿತೇ ಹೊರತು ಏನನ್ನೂ ಕೊಡಲಿಲ್ಲ. ಈ ದೃಷ್ಟಿಯಿಂದ ನೋಡಿದರೆ ಅವರು ಅವಸರ ಮಾಡಲಿಲ್ಲ, ಹತ್ತು ತಿಂಗಳಾದರೂ ತಡ ಮಾಡಿದರು.

ಆದರೆ ಇನ್ನೊಂದು ದೃಷ್ಟಿಯಿಂದ ಕೆಲವೇ ವಾರಗಳಷ್ಟು ಮುಂಚಿತವೂ ಆಯಿತು. ಬಾಬಾಸಾಹೇಬರ ಜೊತೆ ಏಳಬೇಕಿದ್ದ ಮುಂಡರಗಿಯ ಭೀಮರಾಯ ಹಮ್ಮಿಗಿಯಲ್ಲಿ ಕೂಡಿಟ್ಟ ಆಯುಧಗಳ ಗುಟ್ಟು ಹೊರಬಿದ್ದು, ಆತ ಮೇ ಕೊನೆಯ ವಾರದಲ್ಲೇ ಬಂಡೇಳಬೇಕಾಯಿತು. ಡಂಬಳದ ಖಜಾನೆ ದೋಚಿ ಕೊಪ್ಪಳದ ಕೋಟೆ ಸೇರಿದ. ಇತ್ತ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದ ಕಡೆಯಿಂದ ನರಗುಂದಕ್ಕೆ ಹೊರಟ. ಮೇ 29ರ ರಾತ್ರಿ ಸುರೇಬಾನದಲ್ಲಿ ಅವನ ಹತ್ಯೆಯಾಯಿತು. ಜೂನ್ 1ಕ್ಕೆ ಬ್ರಿಟಿಷ್ ಸೇನಾಧಿಕಾರಿ ಮಾಲ್ಕಂ ನರಗುಂದದ ಮುಂದೆ ನಿಂತಿದ್ದ. ಬಯಲಿಗಿಳಿದ ಬಂಡಾಯದವರ ಮೇಲೆ ಅವನ ಕುದುರೆ ದಂಡು ನುಗ್ಗಿತು. ಮರುದಿನ ಕೋಟೆ ಹೋಯಿತು. ಅದೇ ಜೂನ್ 1ರಂದು ಕೊಪ್ಪಳ ಬಿದ್ದು ಭೀಮರಾಯ ಸತ್ತ. ತೋರಗಲ್ಲಿನ ಕಾಡಿನಲ್ಲಿ ಸಿಕ್ಕಿಬಿದ್ದ ಬಾಬಾಸಾಹೇಬರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಈ ತಾರೀಖುಗಳನ್ನು ಮಳೆಗಳ ಪಕ್ಕದಲ್ಲಿಟ್ಟು ನೋಡಿ. ಇದೆಲ್ಲ ರೋಹಿಣಿಯಲ್ಲಿ ಶುರುವಾಗಿ ಮೃಗಶಿರಾ ಕೂಡುವ ಹೊತ್ತಿಗೆ ಮುಗಿದೇಹೋಯಿತು. ಮಾಲ್ಕಂನ ಕುದುರೆಗಳಿಗೆ ಸಿಕ್ಕಿದ್ದು ಓಡಲು ಬಿಡುವ ನೆಲ. ಎರಡು ಮೂರು ವಾರ ಕಳೆದು ಎರೆ ನೆಲ ಮಳೆ ಕುಡಿದಿದ್ದರೆ ಮೂರೇ ದಿನದಲ್ಲಿ ಲೆಕ್ಕ ಚುಕ್ತಾ ಮಾಡುವುದು ಸಾಧ್ಯವಿರಲಿಲ್ಲ ಎಂದು ನಾನು ನಂಬುತ್ತೇನೆ. ಕೊನೆಗೆ ಗೆಲ್ಲುತ್ತಿದ್ದರು ಎಂದಲ್ಲ. ಒಟ್ಟಿಗೆ ಏಳಬೇಕಿದ್ದ ಸುತ್ತಲಿನ ದೇಸಾಯಿಗಳಿಗೆ ಕೂಡಿಕೊಳ್ಳಲು ಸಮಯ ಸಿಗುತ್ತಿತ್ತು.

ಆದರೆ ಆ ವಾರಗಳನ್ನು ಬಾಬಾಸಾಹೇಬರು ಕೈಯಾರೆ ಚೆಲ್ಲಲಿಲ್ಲ. ಹಮ್ಮಿಗಿಯ ಗುಟ್ಟು ಹೊರಬಿದ್ದದ್ದು, ಮ್ಯಾನ್ಸನ್ ಕುದುರೆ ಏರಿ ನರಗುಂದಕ್ಕೆ ಹೊರಟಿದ್ದು ಅವರಿಂದ ಆ ಆಯ್ಕೆಯನ್ನು ಕಿತ್ತುಕೊಂಡಿತು. ಕಂಪ್ಯೂಟರಿನಲ್ಲಿ ‘ಪಾಳಿ ಮುಗಿಸು’ ಎಂಬ ಗುಂಡಿ ನಮ್ಮ ಬೆರಳಿನ ಕೆಳಗಿರುತ್ತದೆ, ಒತ್ತುವ ತನಕ ಎದುರಾಳಿ ಕದಲುವುದಿಲ್ಲ. 1858ರ ಮೇ ತಿಂಗಳಲ್ಲಿ ಆ ಗುಂಡಿ ನರಗುಂದದ ಅರಮನೆಯಲ್ಲಿರಲಿಲ್ಲ.

ನನ್ನ ವಾದಕ್ಕೆ ಒಂದು ಅಪಾಯವೂ ಇದೆ, ಅದನ್ನು ಹೇಳದೆ ಮುಗಿಸುವುದು ಸರಿಯಲ್ಲ. ‘ಕಾಲ ಎದುರಾಳಿಯ ಕಡೆಗಿದೆ, ಈಗಲ್ಲದಿದ್ದರೆ ಇನ್ನೆಂದೂ ಇಲ್ಲ’ ಎಂಬ ಮಾತಿನಿಂದಲೇ 1914ರಲ್ಲಿ ಜರ್ಮನಿಯ ಸೇನಾಪತಿಗಳು ತಮ್ಮನ್ನು ಒಪ್ಪಿಸಿಕೊಂಡರು. ರಷ್ಯದ ಸೇನಾ ಸುಧಾರಣೆ 1917ರ ಹೊತ್ತಿಗೆ ಮುಗಿಯುತ್ತದೆ, ಅಷ್ಟರೊಳಗೆ ಹೊಡೆಯಬೇಕು ಎಂದರು. 1917ಕ್ಕೆ ಆ ರಷ್ಯವೇ ಒಳಗಿನಿಂದ ಕುಸಿಯಿತು. ಬಲಾಢ್ಯ ರಾಜ್ಯವೊಂದು ಮುಂದೆಂದೋ ಬರಬಹುದಾದ ಭಯವನ್ನು ಎಣಿಸಿ ಪಕ್ಕದವರ ಮೇಲೆ ಬೀಳುವುದು ಬೇರೆ. ದತ್ತು ಇಲ್ಲವೆಂಬ ಉತ್ತರ ಕೈಗೆ ಬಂದಾಗಿರುವ, ನೆರೆಯವರ ಆಯುಧ ಕಿತ್ತುಕೊಳ್ಳುತ್ತಿರುವುದನ್ನು ಕಣ್ಣಾರೆ ಕಂಡಿರುವ ಸಣ್ಣ ಸಂಸ್ಥಾನಿಕ ತಿರುಗಿಬೀಳುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆಟ ಆಡುವ ಹುಡುಗರಿಗೆ ನನ್ನ ಮಾತು ಇಷ್ಟೇ: ದಂಡು ಎಣಿಸುವ ಮೊದಲು ಎದುರಾಳಿ ಪಾಳಿಗೆ ಎಷ್ಟು ಬೆಳೆಯುತ್ತಿದ್ದಾನೆ ನೋಡಿ. ಶಾಲೆಯಲ್ಲಿ ಇತಿಹಾಸ ಕಲಿಸುವವರಲ್ಲಿ, ಅದರಲ್ಲೂ ರೋಣ, ನರಗುಂದ, ಗಜೇಂದ್ರಗಡದ ಮಾಸ್ತರರಲ್ಲಿ ಒಂದು ವಿನಂತಿ ಇದೆ. ನರಗುಂದದ ಬಂಡಾಯದ ಪಾಠ ಬಂದಾಗ ‘ಅವಸರ ಮಾಡಿದರು’ ಎಂಬ ಒಂದು ಸಾಲಿನಲ್ಲಿ ಮುಗಿಸಬೇಡಿ. ಹಲಗೆಯ ಮೇಲೆ ಈ ತಾರೀಖುಗಳನ್ನು ಸಾಲಾಗಿ ಬರೆದು, ಅವರು ಯಾವ ತಿಂಗಳಲ್ಲಿ ಏಳಬೇಕಿತ್ತೆಂದು ಮಕ್ಕಳನ್ನೇ ಕೇಳಿ.