ಆನ್‌ಲೈನ್ ಶಾಲೆಯ ಜಮೆ-ಖರ್ಚು

ಮಕ್ಕಳ ಆನ್‌ಲೈನ್ ಶಿಕ್ಷಣವು ಪೋಷಕರಿಗೂ ಶಾಲೆಗಳಿಗೂ ಮಾತ್ರ ಸಂಬಂಧಿಸಿದ ವಿಷಯವೆಂದು ನಮ್ಮ ಉದ್ಯಮಿ ಬಾಂಧವರು ಭಾವಿಸುವುದು ಸರಿಯಾಗಲಾರದು. ಜಿಗಣಿಯ ಗ್ರಾನೈಟ್ ಘಟಕಗಳಲ್ಲಿ, ಬಿಡಿಭಾಗಗಳ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳೇ ನಾಳೆ ನಮಗೆ ಬೇಕಾಗುವ ಕುಶಲ ಕಾರ್ಮಿಕರು. ಆದುದರಿಂದ ಈ ವ್ಯವಸ್ಥೆಯ ಜಮೆ-ಖರ್ಚನ್ನು ನಾವೂ ಪರಿಶೀಲಿಸುವುದು ಉಚಿತ.

ಮೊದಲಿಗೆ ಜಮೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಅನೇಕ ಮಕ್ಕಳ ಪಾಠ ಸಂಪೂರ್ಣ ನಿಲ್ಲದಂತೆ ನೋಡಿಕೊಂಡದ್ದು ಆನ್‌ಲೈನ್ ತರಗತಿಯೇ. ಆ ಜೂನ್‌ನಲ್ಲಿ ರಾಜ್ಯ ಸರ್ಕಾರವು ಕೆಳ ತರಗತಿಗಳಿಗೆ ಅದನ್ನು ನಿರ್ಬಂಧಿಸಿದಾಗ, ಜುಲೈ 8ರಂದು ಉಚ್ಚ ನ್ಯಾಯಾಲಯವು ಸಂವಿಧಾನದ 21 ಮತ್ತು 21-ಎ ವಿಧಿಗಳನ್ನು ಉಲ್ಲೇಖಿಸಿ ತಡೆಯಾಜ್ಞೆ ನೀಡಿತು. ನುರಿತ ಅಧ್ಯಾಪಕರ ಪಾಠ ದೂರದವರಿಗೂ ದೊರೆಯುತ್ತದೆ. ತಿಳಿಯದ ಭಾಗವನ್ನು ಮತ್ತೆ ಕೇಳಬಹುದು. ಬೊಮ್ಮಸಂದ್ರ-ಜಿಗಣಿ ರಸ್ತೆಯ ದಟ್ಟಣೆಯಲ್ಲಿ ಕಳೆಯುವ ಸಮಯವೂ ಉಳಿಯುತ್ತದೆ.

ಇನ್ನು ಖರ್ಚು. ಒಂದೇ ಮೊಬೈಲ್ ಇರುವ ಮನೆಯಲ್ಲಿ ತಂದೆ ಮೊದಲ ಪಾಳಿಗೆ ಹೊರಟರೆ, ಮಗುವಿನ ಶಾಲೆಯೂ ಅವನ ಜೇಬಿನಲ್ಲೇ ಹೊರಟುಹೋಗುತ್ತದೆ. 2020ರಲ್ಲಿ ಚಂದನ ವಾಹಿನಿಯ ‘ಸಂವೇದ’ ಪಾಠಗಳೂ, ಶಿಕ್ಷಕರೇ ಮಕ್ಕಳಿದ್ದೆಡೆಗೆ ತೆರಳುವ ‘ವಿದ್ಯಾಗಮ’ವೂ ಬಂದುದು ಈ ಕೊರತೆಯನ್ನು ತುಂಬಲೆಂದೇ. ಒಂದರಿಂದ ಐದನೆಯ ತರಗತಿಗಳು ಪುನಃ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ಹತ್ತೊಂಬತ್ತು ತಿಂಗಳ ನಷ್ಟ ಮುಂದಿನ ವರ್ಷಗಳ ಲೆಕ್ಕಕ್ಕೆ ಸೇರಿತು. 2022-23ರಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಅನಿವಾರ್ಯವಾಯಿತು. ಅಕ್ಷರ ತಿದ್ದಿಸುವ ಕೈಯನ್ನು, ಆಟದ ಬಯಲನ್ನು, ಬಿಸಿಯೂಟವನ್ನು ಪರದೆ ಒದಗಿಸಲಾರದು.

ಪೋಷಕರು ಗಮನಿಸಬೇಕಾದ ಅಂಶ ಇನ್ನೊಂದಿದೆ. ಮಾನ್ಯತೆ ಪಡೆದ ಶಾಲೆಯ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಖಾಸಗಿ ಆನ್‌ಲೈನ್ ಕೋಚಿಂಗ್‌ಗೆ ಶೇ. 18ರಷ್ಟಿದೆ. ಹಲವು ವರ್ಷಗಳ ಶುಲ್ಕವನ್ನು ಮುಂಗಡವಾಗಿ, ಅದೂ ಸಾಲ ಮಾಡಿ ಕಟ್ಟುವುದು ವಿವೇಕವಲ್ಲ. ಬೆಂಗಳೂರಿನ ಬೈಜೂಸ್‌ನ ಮಾತೃಸಂಸ್ಥೆಯೇ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟದ್ದನ್ನು ಮರೆಯಲಾಗದು.

ಹೀಗಾಗಿ, ಪ್ರೌಢಶಾಲೆಯ ಮಟ್ಟದಲ್ಲಿ ಆನ್‌ಲೈನ್ ಪಾಠ ಉತ್ತಮ ಪೂರಕವಾಗಬಲ್ಲದು. ಪ್ರಾಥಮಿಕ ಹಂತದಲ್ಲಿ ಅದು ಶಾಲೆಗೆ ಪರ್ಯಾಯವಾಗಲಾರದು ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ನಮ್ಮ ಪಾತ್ರವೇನು? 2013ರ ಕಂಪನಿ ಕಾಯ್ದೆಯ 135ನೆಯ ಕಲಮಿಗೆ ಒಳಪಡುವ ಸಂಸ್ಥೆಗಳು ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಶಿಕ್ಷಣವೂ ಅದರ ವ್ಯಾಪ್ತಿಯಲ್ಲಿದೆ. ಆದರೆ ಟ್ಯಾಬ್ಲೆಟ್ ಹಂಚಿ, ಛಾಯಾಚಿತ್ರ ತೆಗೆಸಿಕೊಂಡರೆ ಹೊಣೆ ತೀರದು. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿನ ಸವಕಳಿ ವರ್ಷಕ್ಕೆ ಶೇ. 40, ಅದನ್ನು ಬಳಸಲು ಕಲಿಸುವವರಿಲ್ಲದಿದ್ದರೆ ಉಳಿದ ಶೇ. 60ಕ್ಕೂ ಬೆಲೆಯಿಲ್ಲ. ಕಾಯ್ದೆಗೆ ಒಳಪಡದ ಸಣ್ಣ ಘಟಕಗಳೂ ನಾಲ್ಕಾರು ಸೇರಿ, ಸರ್ಕಾರಿ ಶಾಲೆಯ ಸಮೀಪ ಒಂದು ಕೊಠಡಿ, ಕೆಲವು ಕಂಪ್ಯೂಟರ್, ಅಂತರ್ಜಾಲ ಹಾಗೂ ಸಂಜೆ ಎರಡು ಗಂಟೆ ಜೊತೆಗಿರುವ ಒಬ್ಬ ಬೋಧಕರನ್ನು ಒದಗಿಸಬಹುದು. ಬೋಧಕರ ವೇತನವನ್ನು ಮೊದಲು ಬಜೆಟ್ಟಿನಲ್ಲಿ ಬರೆದುಕೊಂಡು, ಯಂತ್ರಗಳ ಖರೀದಿಯನ್ನು ಅನಂತರ ಯೋಚಿಸಿದರೆ ಈ ಹಣ ಸಾರ್ಥಕವಾದೀತು.