ಚರಂಡಿ ಸೇರುವ ಮಳೆಗೂ ಲೆಕ್ಕವಿರಲಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿನಲ್ಲಿವೆ. ವಾರ್ಷಿಕ ಮಳೆ 500 ಮಿ.ಮೀ. ಆಸುಪಾಸು, ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್. ಹೀಗಾಗಿ ಇಲ್ಲಿನ ಜನರ ಕಣ್ಣು ವಾಣಿವಿಲಾಸ ಸಾಗರ, ತುಂಗಭದ್ರೆಯ ಹಿನ್ನೀರು, ಭದ್ರಾ ಮೇಲ್ದಂಡೆ ಯೋಜನೆಗಳತ್ತ ನೆಟ್ಟಿರುವುದು ಸಹಜ. ಆದರೆ 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ದೂರದ ನೀರು ಬಂದ ಮೇಲೂ ಅದನ್ನು ಎಣಿಸಿ ಬಳಸಬೇಕಾದ ಸೀಮೆ ಇದು.

ಅಷ್ಟು ಶ್ರಮದಿಂದ ತಂದು ಶುದ್ಧೀಕರಿಸಿದ ನೀರನ್ನೇ ಶೌಚಾಲಯಕ್ಕೆ, ಉದ್ಯಾನಕ್ಕೆ, ಕಟ್ಟಡ ಕಾಮಗಾರಿಗೆ ಸುರಿಯುವುದು ಎಷ್ಟರಮಟ್ಟಿಗೆ ಸರಿ? ಈ ಅಗತ್ಯಗಳಲ್ಲಿ ಒಂದು ಪಾಲನ್ನಾದರೂ ಪಟ್ಟಣದ ಮೇಲೆ ಬೀಳುವ ಮಳೆಯೇ ಪೂರೈಸಬಲ್ಲದು.

ಮಳೆಯೇ ಅಪರೂಪವಾದಲ್ಲಿ ಹಿಡಿದಿಡುವುದೇನನ್ನು ಎಂಬ ಪ್ರಶ್ನೆ ಏಳುತ್ತದೆ. ಹೊಲದ ಒಣನೆಲ ಕುಡಿದುಬಿಡುವಂಥ, ಕೆರೆಗೆ ಹನಿಯೂ ಸೇರದಂಥ ಮಳೆಗೂ ಕಾಂಕ್ರೀಟ್ ರಸ್ತೆ ಮತ್ತು ಗೋದಾಮಿನ ಚಾವಣಿಗಳಿಂದ ನೀರು ಹರಿಯುತ್ತದೆ. ಹತ್ತು ಎಕರೆಯ ಸಿಮೆಂಟು ಅಂಗಳದ ಮೇಲೆ 20 ಮಿ.ಮೀ. ಮಳೆ ಸುರಿದರೆ ಸುಮಾರು 8 ಲಕ್ಷ ಲೀಟರ್ ನೀರಾಯಿತು. ಅದರಲ್ಲಿ ಮೂರನೇ ಎರಡು ಭಾಗ ಕೈಗೆ ಸಿಕ್ಕರೂ 5,000 ಲೀಟರಿನ ನೂರು ಟ್ಯಾಂಕರುಗಳಿಗೆ ಸಾಕು. ಇಂದು ಅದು ಕೊಚ್ಚೆಯೊಡನೆ ಬೆರೆತು ಊರಾಚೆಗೆ ಹೋಗುತ್ತಿದೆ.

ಆಸ್ಟ್ರೇಲಿಯಾದ ಅಡಿಲೇಡ್ ಬಳಿಯ ಸಾಲಿಸ್‌ಬರಿ ನಗರವೂ ಹೆಚ್ಚು ಮಳೆ ಕಾಣುವ ಊರಲ್ಲ. ಅಲ್ಲಿ ರಸ್ತೆ-ಚಾವಣಿಗಳ ಮಳೆನೀರನ್ನು ಜೊಂಡು ಬೆಳೆಸಿದ ಕೊಳಗಳಲ್ಲಿ ನಿಲ್ಲಿಸಿ, ತಿಳಿಗೊಳಿಸಿ, ಭೂಮಿಯೊಳಗೆ ಕಾಪಿಟ್ಟು ಬೇಸಿಗೆಯಲ್ಲಿ ಮೇಲೆತ್ತುತ್ತಾರೆ. ಉದ್ಯಾನಗಳಿಗೆ, ಕಾರ್ಖಾನೆಗಳಿಗೆ ಅದು ಒದಗುತ್ತದೆ.

ಅದನ್ನು ಹಾಗೆಯೇ ಇಲ್ಲಿ ನಕಲು ಮಾಡಲಾಗದು. ರಸ್ತೆಯ ನೀರಿನಲ್ಲಿ ಹೂಳು, ಎಣ್ಣೆ, ರೋಗಾಣುಗಳಿರುತ್ತವೆ. ಶುದ್ಧೀಕರಿಸದೆ ಅದನ್ನು ಕೊಳವೆಬಾವಿಗೆ ಇಳಿಸಿದರೆ ಅಂತರ್ಜಲವೇ ಕೆಡುತ್ತದೆ. ಆದ್ದರಿಂದ ಮೊದಲ ಕೆಲಸ, ಮಳೆನೀರಿನ ಕಾಲುವೆಯಿಂದ ಕೊಳಚೆಯನ್ನು ಬೇರ್ಪಡಿಸುವುದು. ಅನಂತರ ಹೂಳು ಇಳಿಸುವ ತೊಟ್ಟಿ, ಎಣ್ಣೆ ತಡೆಯುವ ಗುಂಡಿ, ಮರಳಿನ ಸೋಸುವಿಕೆ, ಕ್ಲೋರಿನ್. ಕುಡಿಯುವ ನೀರಿನ ಕೊಳವೆಯೊಡನೆ ಇದು ಎಂದಿಗೂ ಬೆರೆಯದಂತೆ ಬೇರೆಯದೇ ಬಣ್ಣದ ಕೊಳವೆ ಇರಬೇಕು.

ಇಡೀ ಊರಿಗೆ ಯೋಜನೆ ರೂಪಿಸುವವರೆಗೆ ಕಾಯಬೇಕಿಲ್ಲ. ಚಳ್ಳಕೆರೆಯ ಕೃಷಿ ಮಾರುಕಟ್ಟೆ ಪ್ರಾಂಗಣ, ಎರಡೂ ಪಟ್ಟಣಗಳ ಬಸ್ ನಿಲ್ದಾಣ ಮತ್ತು ಸರ್ಕಾರಿ ಕಚೇರಿಗಳಲ್ಲಿ ಆರಂಭಿಸಬಹುದು. ಪ್ರತಿ ಮಳೆಗಾಲದ ಕೊನೆಗೆ ಎಷ್ಟು ನೀರು ಹಿಡಿದೆವು, ಎಷ್ಟು ಖರ್ಚಾಯಿತು, ಗುಣಮಟ್ಟ ಹೇಗಿತ್ತು ಎಂಬುದನ್ನು ಸ್ಥಳೀಯ ಸಂಸ್ಥೆಗಳು ಜನರ ಮುಂದಿಡಬೇಕು. ನದಿ ನೀರಿನಲ್ಲಿ ನ್ಯಾಯಯುತ ಪಾಲನ್ನು ಕೇಳುವ ಹಕ್ಕು ಈ ಜನರಿಗಿದೆ. ಬಾಗಿಲಲ್ಲಿ ಬಿದ್ದ ಮಳೆಯ ಲೆಕ್ಕವನ್ನೂ ಇಟ್ಟರೆ ಆ ಬೇಡಿಕೆಯ ಬಲ ಹೆಚ್ಚುತ್ತದೆ.